ದಪ್ಪ ಕೇಬಲ್ ಎಳೆದರೆ ಡಿಸೈನ್ ಮುಗಿಯಿತೇ?

ಮಹಾರಾಷ್ಟ್ರದ ಗಡಹಿಂಗ್ಲಜ ಕಡೆಯ ಮನೆಯಲ್ಲಿ ಯಾರಾದರೂ ಎಲೆಕ್ಟ್ರಿಕಲ್ ಬಿ.ಇ. ಮುಗಿಸಿದರೆ ಸಲಹೆಗಾರರಿಗೆ ಬರವಿಲ್ಲ. ಕೈಗಾರಿಕೆಯ ವಿದ್ಯುತ್ ವಿನ್ಯಾಸಕ್ಕೆ ಇಳಿಯುತ್ತೇನೆಂದರಂತೂ ಮೊದಲ ಮಾತು, ‘ಪುಣೆಗೋ ಬೆಂಗಳೂರಿಗೋ ಹೋಗು, ಇಲ್ಲೇನಿದೆ?’

ಇಲ್ಲಿ ಬೇಕಾದಷ್ಟಿದೆ. ಶಿರೋಳಿ, ಗೋಕುಲ ಶಿರಗಾಂವದಲ್ಲಿ ಫೌಂಡ್ರಿಗಳು, ಇಚಲಕರಂಜಿಯಲ್ಲಿ ಪವರ್‌ಲೂಮ್, ಸುತ್ತಲೂ ಸಕ್ಕರೆ ಕಾರ್ಖಾನೆ. ಮೂರರ ಲೋಡೂ ಮೂರು ಬಗೆ. ಮಗ್ಗದ ಶೆಡ್ಡಿನಲ್ಲಿ ಸಾಲುಸಾಲು ಸಣ್ಣ ಮೋಟರು. ಫೌಂಡ್ರಿಯಲ್ಲಿ ಒಂದೇ ಕುಲುಮೆ ಊರಿನಷ್ಟು ಕರೆಂಟು ಎಳೆಯುತ್ತದೆ. ಕಬ್ಬಿನ ಸಿಪ್ಪೆ ಉರಿಸುವ ಸಕ್ಕರೆ ಕಾರ್ಖಾನೆ ತಾನೇ ವಿದ್ಯುತ್ ತಯಾರಿಸಿ ಗ್ರಿಡ್ಡಿಗೂ ಕೊಡಬಲ್ಲದು. ಕಲಿಯುವವರಿಗೆ ಇಷ್ಟು ವೈವಿಧ್ಯ ಒಂದೇ ಜಿಲ್ಲೆಯಲ್ಲಿ ಸಿಗುವುದು ಅಪರೂಪ. ಹೆಸರಾಂತ ಕನ್ಸಲ್ಟೆನ್ಸಿಯ ಸಂಬಳ ಬೇರೆ ಮಾತು.

‘ದಪ್ಪ ಕೇಬಲ್, ದೊಡ್ಡ ಟ್ರಾನ್ಸ್‌ಫಾರ್ಮರ್ ಹಾಕಿದರೆ ಭಯವಿಲ್ಲ’ ಎಂಬುದು ಮತ್ತೊಂದು ನಂಬಿಕೆ. ಲೆಕ್ಕ ಹಾಕಿ ನೋಡಿ. 1000 ಕೆವಿಎ ಟ್ರಾನ್ಸ್‌ಫಾರ್ಮರ್ 433 ವೋಲ್ಟಿನಲ್ಲಿ ಪೂರ್ಣ ಲೋಡಿಗೆ ಕೊಡುವುದು ಸುಮಾರು 1333 ಆಂಪಿಯರ್. ಇಂಪೀಡೆನ್ಸ್ ಶೇ 5 ಇದ್ದರೆ, ಅದರ ಟರ್ಮಿನಲ್ ಬಳಿ ಶಾರ್ಟ್ ಆದಾಗ ಹರಿಯುವುದು 26 ಸಾವಿರ ಆಂಪಿಯರ್‌ಗೂ ಮೇಲೆ. ಅಲ್ಲಿ 25 ಕೆಎ ಬ್ರೇಕರ್ ಕೂರಿಸಿದರೆ ಅದು ಕೆಟ್ಟ ಗಳಿಗೆಯಲ್ಲಿ ಸರ್ಕಿಟ್ ಕತ್ತರಿಸಲಾರದೆ ತಾನೇ ಸಿಡಿಯಬಹುದು. ಟ್ರಾನ್ಸ್‌ಫಾರ್ಮರ್ ದೊಡ್ಡದಾದಷ್ಟೂ ಈ ಅಪಾಯ ಹೆಚ್ಚುತ್ತದೆ. ಸಾಫ್ಟ್‌ವೇರ್ ಇದನ್ನೆಲ್ಲ ಹೇಳುತ್ತದೆ, ನಿಜ. ಆದರೆ ಶೇ 5 ಎಂಬ ಅಂಕಿಯನ್ನು ನೇಮ್‌ಪ್ಲೇಟಿನಿಂದ ಓದಿ ತುಂಬುವವರು ನೀವೇ. ತಪ್ಪು ಅಂಕಿ ಕೊಟ್ಟರೂ ಅದು ಅಷ್ಟೇ ಚೆಂದದ ವರದಿ ಕೊಡುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಕೆಪಾಸಿಟರ್ ಬಗೆಗಿನ ಭಕ್ತಿ. ಮಹಾರಾಷ್ಟ್ರದಲ್ಲಿ ಹೈಟೆನ್ಷನ್ ಗ್ರಾಹಕರಿಗೆ 2020ರ ಏಪ್ರಿಲ್‌ನಿಂದ ಕೆವಿಎಎಚ್ ಲೆಕ್ಕದ ಬಿಲ್ ಬಂದ ಮೇಲೆ ಪವರ್ ಫ್ಯಾಕ್ಟರ್ ಸೀದಾ ಜೇಬಿಗೆ ತಾಗಿತು. ‘ಇನ್ನಷ್ಟು ಕೆಪಾಸಿಟರ್ ಹಾಕಿ’ ಎಂಬುದು ಸಿದ್ಧ ಉತ್ತರ. ಮಗ್ಗದ ಶೆಡ್ಡಿಗೆ ಬಹುತೇಕ ಸರಿಯೇ. ಇಂಡಕ್ಷನ್ ಕುಲುಮೆಯಿರುವ ಫೌಂಡ್ರಿಯಲ್ಲಿ ಹಾಗಲ್ಲ. ಕುಲುಮೆಯ ಆರು ಪಲ್ಸ್ ರೆಕ್ಟಿಫೈಯರ್ 250, 350 ಹರ್ಟ್ಸ್‌ನ ಹಾರ್ಮೋನಿಕ್ಸ್ ಹೊರಹಾಕುತ್ತದೆ. ಬರಿಯ ಕೆಪಾಸಿಟರ್ ಟ್ರಾನ್ಸ್‌ಫಾರ್ಮರಿನ ಇಂಡಕ್ಟೆನ್ಸ್ ಜೊತೆ ಸೇರಿ ಅದೇ ಆವರ್ತನಕ್ಕೆ ಅನುರಣಿಸಿತೋ, ಕೆಪಾಸಿಟರ್ ಉಬ್ಬುತ್ತದೆ, ಫ್ಯೂಸ್ ಹೋಗುತ್ತದೆ, ‘ಕಂಪನಿ ಮಾಲು ಸರಿ ಇಲ್ಲ’ ಎಂದು ಬೈಗುಳ ಬೀಳುತ್ತದೆ. ಸಾಮಾನ್ಯ ಪರಿಹಾರವೆಂದರೆ ಸರಣಿಯಲ್ಲಿ ಶೇ 7ರ ರಿಯಾಕ್ಟರ್: ಅನುರಣನ ಸುಮಾರು 189 ಹರ್ಟ್ಸ್‌ಗೆ ಇಳಿದು 250ರಿಂದ ದೂರ ನಿಲ್ಲುತ್ತದೆ. ಕುಲುಮೆ ಕೊಳ್ಳುವಾಗಲೇ ಹನ್ನೆರಡು ಪಲ್ಸಿನದನ್ನು ಆರಿಸಿದರೆ 250, 350 ಎರಡೂ ಬಹುಪಾಲು ತಮ್ಮತಮ್ಮಲ್ಲೇ ಅಳಿದುಹೋಗುತ್ತವೆ. ಹಾಗಾಗಿ ಡಿಸೈನರನನ್ನು ಖರೀದಿಗೆ ಮೊದಲೇ ಕರೆಯಬೇಕು.

‘ಡಿಸೈನ್ ಎಂದರೆ ಎಸಿ ರೂಮು’ ಎನ್ನುವವರೂ ಉಂಟು. ಮೊದಲ ವರ್ಷ ಬಹುಪಾಲು ಹೋಗುವುದು ಲೋಡ್ ಪಟ್ಟಿ, ಕೇಬಲ್ ಪಟ್ಟಿ, ಸಿಂಗಲ್ ಲೈನ್ ನಕ್ಷೆಯ ತಿದ್ದುಪಡಿಗೆ. ಆ ಪಟ್ಟಿ ಸರಿಯಾಗಬೇಕಾದರೆ ಕ್ಲ್ಯಾಂಪ್ ಮೀಟರ್ ಹಿಡಿದು ಕುಲುಮೆ ಪಕ್ಕ ನಿಲ್ಲಬೇಕು, ಹಳೆಯ ವೈರ್‌ಮನ್‌ನ ಮಾತು ಕೇಳಬೇಕು. ಯಾವ ಫೀಡರ್ ಯಾವಾಗ ಬಿಸಿಯಾಗುತ್ತದೆಂಬುದು ನಕ್ಷೆಯಲ್ಲಿರುವುದಿಲ್ಲ, ಅವನಿಗೆ ಗೊತ್ತಿರುತ್ತದೆ.