ಬೇಕೆಂದೇ ಕಾಯಿಸುವ ಲೆಕ್ಕ

ವೆಬ್ ಪುಟವೊಂದನ್ನು ಬೇಕೆಂದೇ ಟೈಮ್‌ಔಟ್ ಮಾಡಿಸಿ ನೋಡಬೇಕು ಎಂದುಕೊಳ್ಳಿ. ಪಿಎಚ್‌ಪಿ ಬಲ್ಲವರಿಗೆ ಥಟ್ಟನೆ ಹೊಳೆಯುವುದು ‘ಸ್ಲೀಪ್ 40’. ಪುಟಕ್ಕೆ ಮೊದಲಿನಿಂದಲೇ ಇರುವ ಮಿತಿ 30 ಸೆಕೆಂಡು. 40 ಸೆಕೆಂಡು ಮಲಗಿಸಿದರೆ ಸತ್ತೇಹೋಗಬೇಕಲ್ಲ? ಲಿನಕ್ಸ್ ಸರ್ವರಿನಲ್ಲಿ ಸಾಮಾನ್ಯವಾಗಿ ಸಾಯುವುದಿಲ್ಲ. 40 ಸೆಕೆಂಡು ಕಳೆದ ಮೇಲೆ ಪುಟ ಏನೂ ಆಗದ ಹಾಗೆ ತೆರೆದುಕೊಳ್ಳುತ್ತದೆ. ಅಲ್ಲಿನ ಗಡಿಯಾರ ಎಣಿಸುವುದು ಪ್ರೋಗ್ರಾಮು ದುಡಿದ ಹೊತ್ತನ್ನು ಮಾತ್ರ. ಮಲಗಿದ ಹೊತ್ತು, ಡೇಟಾಬೇಸಿನ ಉತ್ತರಕ್ಕೆ ಕಾದ ಹೊತ್ತು, ಯಾವುದೂ ಲೆಕ್ಕಕ್ಕಿಲ್ಲ. ಮಿತಿ ಮುಟ್ಟಿಸಬೇಕಾದರೆ ಪ್ರೊಸೆಸರನ್ನು ಖಾಲಿ ಲೂಪಿನಲ್ಲಿ ಗಿರಗಿರ ಸುತ್ತಿಸಲೇಬೇಕು. 3 ಗಿಗಾಹರ್ಟ್ಸ್‌ನ ಒಂದು ಕೋರ್ 30 ಸೆಕೆಂಡಿನಲ್ಲಿ 9,000 ಕೋಟಿ ಸಲ ಮಿಡಿಯುತ್ತದೆ. ಒಂದು ಸಾಲಿನ ದೋಷ ಸಂದೇಶ ಕಣ್ಣಿಗೆ ಬೀಳಲು ಅಷ್ಟು ಮಿಡಿತ!

ಸಂಪರ್ಕವೇ ಸಿಗದ ಟೈಮ್‌ಔಟ್ ಬೇರೆ ಬಗೆಯದು. ಅದಕ್ಕೆ 192.0.2.1 ಎಂಬ ವಿಳಾಸ ಒದಗುತ್ತದೆ. ಉದಾಹರಣೆಗಳಲ್ಲಿ ಬರೆಯಲೆಂದೇ ಮೀಸಲಿಟ್ಟ 256 ವಿಳಾಸಗಳಲ್ಲಿ ಅದೂ ಒಂದು. ಆ ಮನೆಯಲ್ಲಿ ಯಾರೂ ಇಲ್ಲ. ಬಾಗಿಲು ತಟ್ಟಿದ ಲಿನಕ್ಸ್ 1 ಸೆಕೆಂಡು ಕಾದು ಮತ್ತೆ ತಟ್ಟುತ್ತದೆ. ಆಮೇಲೆ 2, 4, 8, 16, 32, ಕೊನೆಗೆ 64 ಸೆಕೆಂಡು ಕಾಯುತ್ತದೆ. ಒಟ್ಟು 127. ಲಿನಕ್ಸಿನ ಹಳೆಯ ಆವೃತ್ತಿಗಳಲ್ಲಿ ಬಹುಕಾಲ ನಡೆದುಬಂದ ರೂಢಿ ಇದು. ಅಷ್ಟು ಹೊತ್ತಿನಲ್ಲಿ ಬೆಳಕು 3.8 ಕೋಟಿ ಕಿಲೋಮೀಟರ್ ಸಾಗುತ್ತದೆ. ಸೂರ್ಯನ ಕಡೆ ಹೊರಟಿದ್ದರೆ ಕಾಲು ದಾರಿ ಮುಗಿದಿರುತ್ತಿತ್ತು.

ಇಷ್ಟೆಲ್ಲ ಪಾಡು ಯಾಕೆ ಎಂದರೆ, ಕಾಯುವುದರ ನಿಜವಾದ ಬೆಲೆ ಜನ ನುಗ್ಗಿದಾಗಲೇ ತಿಳಿಯುವುದು. ಅಪಾಚೆ ಸರ್ವರಿನ ಹಳೆಯ ‘ಪ್ರೀಫೋರ್ಕ್’ ಏರ್ಪಾಡನ್ನೇ ತೆಗೆದುಕೊಳ್ಳಿ. ನಾವು ಏನೂ ಬದಲಿಸದಿದ್ದರೆ ಅದರಲ್ಲಿ ಹೆಚ್ಚೆಂದರೆ 256 ಕೆಲಸಗಾರರು. ಒಬ್ಬೊಬ್ಬರ ಕೈಯಲ್ಲಿ ಒಂದೇ ಕೋರಿಕೆ. ಸೆಕೆಂಡಿಗೆ 100 ಕೋರಿಕೆ ಬರುತ್ತಿವೆ, ಒಂದೊಂದೂ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಮುಗಿಯುತ್ತಿದೆ ಎನ್ನಿ. ಯಾವ ಗಳಿಗೆಯಲ್ಲಿ ನೋಡಿದರೂ ದುಡಿಯುತ್ತಿರುವವರು ಸುಮಾರು 10 ಮಂದಿ. ಮಿಕ್ಕ 246 ಮಂದಿಗೆ ಕೆಲಸವೇ ಇಲ್ಲ. ಇದಕ್ಕಿಂತ ನೆಮ್ಮದಿಯ ಸರ್ವರ್ ಉಂಟೆ ಅನಿಸುತ್ತದೆ.

ಈಗ ಹಿಂದಿರುವ ಡೇಟಾಬೇಸನ್ನು ಬೇಕೆಂದೇ ಮೂಕಾಗಿಸಿ. ಕಾಯುವ ಮಿತಿ 60 ಸೆಕೆಂಡು ಇರಲಿ. ಬಂದ ಪ್ರತಿ ಕೋರಿಕೆಯೂ ಒಬ್ಬ ಕೆಲಸಗಾರನನ್ನು ಒಂದು ನಿಮಿಷ ಹಿಡಿದು ಕೂರಿಸುತ್ತದೆ. 256 ಮಂದಿಯೂ ಸಿಕ್ಕಿಬೀಳಲು ಬೇಕಾದ ಸಮಯ 2.56 ಸೆಕೆಂಡು! ಬಾಗಿಲಾಚೆ ಸಾಲಿನಲ್ಲಿ 511 ಕೋರಿಕೆಗಳಿಗೆ ಜಾಗ ಕೇಳಿರುತ್ತದೆ ಅಪಾಚೆ. ಅದೂ ಇನ್ನೈದು ಸೆಕೆಂಡಿನಲ್ಲಿ ತುಂಬುತ್ತದೆ. ಎಂಟನೆಯ ಸೆಕೆಂಡಿನ ಹೊತ್ತಿಗೆ ಹೊಸಬರ ತಟ್ಟುವಿಕೆಗೆ ಉತ್ತರವೇ ಇಲ್ಲ. ಅವರ ಯಂತ್ರಗಳು 1, 2, 4, 8 ಎಂದು ಕಾಯತೊಡಗುತ್ತವೆ. ಎದುರಿಗಿರುವುದು ಜೀವಂತ ಸರ್ವರೇ. ಅವರ ಪಾಲಿಗೆ ಮಾತ್ರ ಅದೂ 192.0.2.1 ಆಗಿಬಿಟ್ಟಿದೆ. ಸರ್ವರಿನ ಪ್ರೊಸೆಸರ್ ಈ ಹೊತ್ತಿನಲ್ಲಿ ಹೆಚ್ಚುಕಡಿಮೆ ಸುಮ್ಮನೆ ಕೂತಿರುತ್ತದೆ. ನನ್ನನ್ನು ಬೆರಗುಗೊಳಿಸುವುದು ಇದೇ: ಯಾರೂ ದುಡಿಯುತ್ತಿಲ್ಲ, ಆದರೂ ಕೈ ಖಾಲಿಯಿರುವವರು ಒಬ್ಬರೂ ಇಲ್ಲ.

ಹಾಗಾದರೆ ಡೇಟಾಬೇಸಿಗಾಗಿ ಕಾಯುವ ಮಿತಿಯನ್ನು 60ರಿಂದ 2 ಸೆಕೆಂಡಿಗೆ ಇಳಿಸಿ, ಮತ್ತೆ ಅದನ್ನು ಮೂಕಾಗಿಸಿ ನೋಡಿ. ಡೇಟಾಬೇಸ್ ಆಗಲೂ ಸತ್ತೇ ಇರುತ್ತದೆ. ಆದರೆ ಒಮ್ಮೆಗೆ ಸಿಕ್ಕಿಬೀಳುವವರು 200 ಮಂದಿ ಮಾತ್ರ. ಉಳಿದ 56 ಕೆಲಸಗಾರರು ಡೇಟಾಬೇಸ್ ಬೇಡದ ಪುಟಗಳನ್ನು, ಚಿತ್ರಗಳನ್ನು, ‘ಸ್ವಲ್ಪ ಹೊತ್ತು ಬಿಟ್ಟು ಬನ್ನಿ’ ಎಂಬ ಸೂಚನೆಯನ್ನು ಕೊಡುತ್ತಲೇ ಇರುತ್ತಾರೆ.