ಮೊಬೈಲ್ ಆ್ಯಪ್ ರಚನೆಗೆ ಮನೆಯ ಕಂಪ್ಯೂಟರನ್ನು ಅಣಿಗೊಳಿಸುವ ಬಗೆ

ಈ ಸ್ಮರಣ ಸಂಚಿಕೆಯಲ್ಲಿ ಶಾಲೆಯ ಏಳಿಗೆಯ ವಿಷಯವಾಗಿ ಬರೆಯುವವರು ಅನೇಕರಿರುವರು. ನಾನಾದರೋ ಪಾಲಕರ ಸಭೆಯಲ್ಲಿ ಮೇಲಿಂದ ಮೇಲೆ ಕೇಳಿಬರುವ ಒಂದು ಪ್ರಶ್ನೆಗೆ ಉತ್ತರ ಕೊಡಬೇಕೆಂದು ಈ ಲೇಖನವನ್ನು ಬರೆಯುತ್ತಿರುವೆನು. “ಅಕ್ಕೋರೇ, ಮಗಳು ಮೊಬೈಲ್ ಆ್ಯಪ್ ಮಾಡೋದು ಕಲೀತೀನಿ ಅಂತಾಳ್ರಿ, ಎಂಥಾ ಕಂಪ್ಯೂಟರ್ ತರಬೇಕ್ರಿ?” ಎಂಬುದೇ ಆ ಪ್ರಶ್ನೆ.

ಉತ್ತರಕ್ಕೆ ಮೊದಲು ಒಂದು ಸಂಗತಿಯನ್ನು ಹೇಳಬೇಕಾಗಿದೆ. ತಿಕೋಟಾದ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರು ಒಣದ್ರಾಕ್ಷಿಯ ಹಣ ಕೈಗೆ ಬಂದೊಡನೆ ಮಗಳಿಗೊಂದು ಲ್ಯಾಪ್‌ಟಾಪನ್ನು ತಂದುಕೊಟ್ಟರು. ಹುಡುಗಿಯು ನಮ್ಮಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿ ಕಾಲೇಜು ಸೇರಿದವಳು; ಲೆಕ್ಕದಲ್ಲಿ ಜಾಣೆ. ಎರಡು ತಿಂಗಳ ಮೇಲೆ ಅವಳು ನನ್ನ ಬಳಿಗೆ ಬಂದು, “ಇದು ನನ್ನ ತಲೀಗೆ ಹತ್ತೂದಿಲ್ರಿ ಅಕ್ಕೋರೇ, ಮಾರಿಬಿಡ್ರಿ ಅಂತ ನೀವೇ ಅಪ್ಪಾಗ ಹೇಳ್ರಿ” ಎಂದು ಕಣ್ಣೀರು ತಂದಳು. ಪಾಠದಲ್ಲಿ ಹೇಳಿದ್ದನ್ನೆಲ್ಲ ಅವಳು ಚಾಚೂ ತಪ್ಪದೆ ಮಾಡಿದ್ದಳು. ಆದರೂ ತೆರೆಯು ನಿಂತಲ್ಲಿಯೇ ನಿಲ್ಲುತ್ತಿತ್ತು. ವಿಜಯಪುರದಲ್ಲಿ 2003ರಲ್ಲಿ ಸ್ಥಾಪಿತವಾಗಿ ಈಗ ತೊರವಿಯ ಆವರಣದಲ್ಲಿ ನಡೆಯುತ್ತಿರುವ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾನಿಲಯದಲ್ಲಿ ಗಣಕವಿಜ್ಞಾನವನ್ನು ಕಲಿತ ನಮ್ಮ ಇನ್ನೊಬ್ಬ ಹಳೆಯ ವಿದ್ಯಾರ್ಥಿನಿಯನ್ನು ಕರೆಸಿ ಆ ಯಂತ್ರವನ್ನು ತೋರಿಸಿದೆನು. ದೋಷವು ಹುಡುಗಿಯ ತಲೆಯಲ್ಲಿರಲಿಲ್ಲ, ಯಂತ್ರದಲ್ಲಿತ್ತು. ಅದರ ರ‍್ಯಾಮ್ ಕೇವಲ 4 ಜಿಬಿ. ಅವಳು ಹಿಡಿದ ಕೆಲಸಕ್ಕೆ ಅದರ ಎರಡರಷ್ಟಾದರೂ ಬೇಕು.

ಯಂತ್ರದ ಕೊರತೆಯನ್ನು ಹುಡುಗಿಯು ತನ್ನ ಬುದ್ಧಿಯ ಕೊರತೆಯೆಂದು ಬಗೆದಳಲ್ಲಾ, ಇದೇ ನನ್ನ ಮನಸ್ಸನ್ನು ನೋಯಿಸಿತು. ಇಂಥ ಪ್ರಸಂಗವು ಬೇರೊಬ್ಬಳಿಗೆ ಬಾರದಿರಲೆಂದೇ ಮುಂದಿನ ಮಾತುಗಳು.

ನಮ್ಮ ಊರಿನ ಆದಿಲಶಾಹಿ ಕಾಲದ ನೀರಿನ ಏರ್ಪಾಡನ್ನು ನೀವು ಬಲ್ಲಿರಿ. ತೊರವಿಯ ಸುರಂಗಬಾವಿಯಿಂದ ನೀರು ನೆಲದಡಿಯ ಕಾಲುವೆಯಲ್ಲಿ ಹರಿದು ನಗರಕ್ಕೆ ಬರುತ್ತಿತ್ತು. ನಗರದವರು ಕಂಡದ್ದು ನೀರನ್ನು. ಅದನ್ನು ತಂದ ಸುರಂಗವು ಕಣ್ಣಿಗೆ ಬೀಳುತ್ತಿರಲಿಲ್ಲ. ಆ್ಯಪ್ ಎಂಬುದೂ ಹಾಗೆಯೇ. ನಾವು ಕಾಣುವದು ಮೊಬೈಲಿನ ಮೇಲಿನ ಸಣ್ಣ ಚಿತ್ರವೊಂದನ್ನು. ಅದನ್ನು ಬರೆದು, ಜೋಡಿಸಿ, ಪರೀಕ್ಷಿಸುವ ಕೆಲಸವೆಲ್ಲ ಕಂಪ್ಯೂಟರಿನಲ್ಲಿ ನಡೆಯುವದು. ಆದುದರಿಂದ ಮೊದಲು ಕಾಲುವೆಯನ್ನು ಸರಿಯಾಗಿ ತೋಡತಕ್ಕದ್ದು.

ಮೊದಲನೆಯದು ಯಂತ್ರ. ಆಂಡ್ರಾಯ್ಡ್ ಮೊಬೈಲುಗಳಿಗೆ ಆ್ಯಪ್ ರಚಿಸುವ ಮುಖ್ಯ ಸಾಧನವು ಗೂಗಲ್ ಸಂಸ್ಥೆಯ ಆಂಡ್ರಾಯ್ಡ್ ಸ್ಟುಡಿಯೋ. ನಮ್ಮ ಊರಿಗೆ ವಿಜಯಪುರವೆಂಬ ಹೆಸರು ಅಧಿಕೃತವಾಗಿ ಬಂದ 2014ರಲ್ಲಿಯೇ ಅದರ ಮೊದಲ ಪೂರ್ಣ ಆವೃತ್ತಿಯೂ ಹೊರಬಂದಿತು. ಅದಕ್ಕೆ ಬೆಲೆಯಿಲ್ಲ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಆದರೆ ಅದಕ್ಕೆ ಕನಿಷ್ಠ 8 ಜಿಬಿ ರ‍್ಯಾಮ್ ಬೇಕು. ಕಂಪ್ಯೂಟರಿನೊಳಗೇ ಮೊಬೈಲಿನ ಪ್ರತಿರೂಪವನ್ನು ತೋರಿಸುವ ಎಮ್ಯುಲೇಟರನ್ನೂ ನಡೆಸಬೇಕಾದರೆ 16 ಜಿಬಿ ಬೇಕಾಗುವದು. ಅಂಗಡಿಯಲ್ಲಿ “ಸ್ಟೋರೇಜ್ ಬಹಳ ಅದ” ಎಂದರೆ ಮೋಸಹೋಗಬಾರದು. ಸ್ಟೋರೇಜ್ ಬೇರೆ, ರ‍್ಯಾಮ್ ಬೇರೆ. ಹಗೇವಿನಲ್ಲಿ ಜೋಳ ಎಷ್ಟೇ ತುಂಬಿರಲಿ, ಹಿಟ್ಟು ನಾದುವ ಪರಾತವು ಅಂಗೈಯಗಲವಿದ್ದರೆ ಹತ್ತು ಜನರಿಗೆ ರೊಟ್ಟಿಯಾಗುವದೇ? ಸ್ಟೋರೇಜು ಹಗೇವು, ರ‍್ಯಾಮ್ ಪರಾತ. ಹಗೇವು ಕೂಡ ಹಳೆಯ ಹಾರ್ಡ್ ಡಿಸ್ಕ್ ಆಗಿರದೆ ಎಸ್‌ಎಸ್‌ಡಿ ಆಗಿದ್ದರೆ ಕೆಲಸವು ಬಹಳ ಬೇಗ ಸಾಗುವದು.

ಆದಕಾರಣ ಕೊಳ್ಳುವ ಮುಂಚೆ ಮೂರು ಮಾತುಗಳನ್ನು ಕೇಳಿರಿ: ರ‍್ಯಾಮ್ ಎಷ್ಟು? ಮುಂದೆ ಅದನ್ನು ಹೆಚ್ಚಿಸಲು ಬರುವದೇ? ಎಸ್‌ಎಸ್‌ಡಿ ಇದೆಯೇ? ಕೆಲವು ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಬೆಸೆದೇ ಬಿಟ್ಟಿರುವರು. ಅವುಗಳಲ್ಲಿ ಹೆಚ್ಚಿಸಲು ಬಾರದು. ಕರೆಂಟು ಹೋಗಿ ಬರುವ ಹಳ್ಳಿಗಳಲ್ಲಿ ಬ್ಯಾಟರಿಯುಳ್ಳ ಲ್ಯಾಪ್‌ಟಾಪು ಅನುಕೂಲ. ಮೇಜಿನ ಕಂಪ್ಯೂಟರನ್ನು ತಂದರೆ ಯುಪಿಎಸ್ ಸಹ ತರಬೇಕು. ನಮ್ಮ ಬೇಸಿಗೆಯ ಸೆಕೆಯಲ್ಲಿಯೂ ಧೂಳಿನಲ್ಲಿಯೂ ಗಾಳಿಯ ಕಿಂಡಿಗಳು ಮುಚ್ಚಿಹೋಗದಂತೆ ನೋಡಿಕೊಳ್ಳತಕ್ಕದ್ದು. ಹಾಸಿಗೆಯ ಮೇಲಿಟ್ಟುಕೊಂಡು ಕೆಲಸ ಮಾಡುವದು ಒಳ್ಳೆಯದಲ್ಲ.

ಎರಡನೆಯದು ಸಾಧನವನ್ನು ಕೂಡ್ರಿಸುವದು. ಮೊದಲು ವಿಂಡೋಸನ್ನು ಹೊಸದುಗೊಳಿಸಿ, ಬೇಡವಾದ ಕಡತಗಳನ್ನು ತೆಗೆದು, 20 ಜಿಬಿಯಷ್ಟಾದರೂ ಜಾಗವನ್ನು ತೆರವು ಮಾಡಿರಿ. ಬಳಿಕ ಆಂಡ್ರಾಯ್ಡಿನ ಅಧಿಕೃತ ತಾಣದಿಂದಲೇ ಸ್ಟುಡಿಯೋವನ್ನು ಇಳಿಸಿಕೊಳ್ಳಿರಿ. ಬೇರೆ ಕಡೆಯಿಂದ ತಂದರೆ ಅದರೊಡನೆ ವೈರಸ್ಸೂ ಬರಬಹುದು. ಇಳಿಸುವ ಕಡತವೊಂದೇ ಒಂದು ಜಿಬಿಗೂ ಮಿಕ್ಕಿರುವದು. ಅದನ್ನು ತೆರೆದ ಮೇಲೆ ಎಸ್‌ಡಿಕೆ ಎಂಬ ಉಪಕರಣಗಳ ಕಟ್ಟು ಇಳಿಯುವದು; ಮೊದಲ ಆ್ಯಪನ್ನು ಆರಂಭಿಸಿದಾಗ ಗ್ರೇಡಲ್ ಎಂಬ ಜೋಡಣೆಯ ಸಾಧನವು ಮತ್ತಷ್ಟನ್ನು ತರಿಸಿಕೊಳ್ಳುವದು. ಹೀಗಾಗಿ ಮೊದಲ ದಿನ ಹಲವು ಜಿಬಿ ಡೇಟಾ ಖರ್ಚಾಗುವದು, ಕೆಲವು ತಾಸುಗಳೂ ಹಿಡಿಯುವವು. ಯಂತ್ರವು ಕೆಟ್ಟಿತೆಂದು ನಡುವೆ ನಿಲ್ಲಿಸಬಾರದು. ತಿಕೋಟಾ, ಬಬಲೇಶ್ವರಗಳ ಕಡೆಯ ಹಳ್ಳಿಗಳಲ್ಲಿ ಮೊಬೈಲಿನ ಡೇಟಾವನ್ನೇ ನೆಚ್ಚಿರುವವರು ಈ ಒಂದು ದಿನದ ಮಟ್ಟಿಗೆ ನಗರದಲ್ಲಿ ಒಳ್ಳೆಯ ವೈಫೈ ಇರುವ ನೆಂಟರ ಮನೆಯಲ್ಲಿ ಕೆಲಸವನ್ನು ಮುಗಿಸಿಕೊಂಡು ಹೋಗುವದು ಲೇಸು.

ಇಲ್ಲಿ ಸಣ್ಣದಾದರೂ ಮುಖ್ಯವಾದ ಒಂದು ಎಚ್ಚರಿಕೆಯುಂಟು. ಈ ಕೆಲಸದ ಕಡತಗಳನ್ನಿಡುವ ಫೋಲ್ಡರಿಗೆ ಕನ್ನಡ ಅಕ್ಷರಗಳಲ್ಲಿ ಹೆಸರಿಡಬಾರದು, ಹೆಸರಿನ ನಡುವೆ ತೆರಪನ್ನೂ ಬಿಡಬಾರದು. ಹಾಗೆ ಮಾಡಿದರೆ ಜೋಡಣೆಯ ಸಾಧನಗಳು ದಾರಿ ತಪ್ಪಬಹುದು. ಕನ್ನಡಕ್ಕೆ ಆ್ಯಪಿನೊಳಗೆ ಗೌರವದ ಸ್ಥಾನವಿದೆ. ಅದನ್ನು ಮುಂದೆ ಹೇಳುವೆನು.

ಮೂರನೆಯದು ಮೊಬೈಲು. ಎಮ್ಯುಲೇಟರನ್ನು ನಡೆಸುವ ಬಲವು ಯಂತ್ರಕ್ಕಿಲ್ಲದಿದ್ದರೆ ನಿರಾಶೆ ಬೇಡ. ಮನೆಯ ಆಂಡ್ರಾಯ್ಡ್ ಮೊಬೈಲಿನಲ್ಲಿಯೇ ಆ್ಯಪನ್ನು ಪರೀಕ್ಷಿಸಬಹುದು. ಮೊಬೈಲಿನ ಸೆಟ್ಟಿಂಗ್ಸಿನಲ್ಲಿ ಬಿಲ್ಡ್ ನಂಬರ್ ಎಂಬುದನ್ನು ಹುಡುಕಿ ಅದನ್ನು ಏಳು ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ಎಂಬ ಹೊಸ ಪುಟವು ತೆರೆಯುವದು. ಅದರಲ್ಲಿ ಯುಎಸ್‌ಬಿ ಡೀಬಗಿಂಗ್ ಎಂಬುದನ್ನು ಚಾಲೂ ಮಾಡಿ, ಕೇಬಲಿನಿಂದ ಕಂಪ್ಯೂಟರಿಗೆ ಜೋಡಿಸಿ, ಮೊಬೈಲು ಕೇಳುವ ಅನುಮತಿಯನ್ನು ಕೊಡಬೇಕು. ಆಗಲೂ ಮೊಬೈಲು ಕಾಣದಿದ್ದರೆ ಮೊದಲು ಕೇಬಲನ್ನು ಬದಲಿಸಿ ನೋಡಿರಿ. ಕೆಲವು ಕೇಬಲುಗಳು ಚಾರ್ಜು ಮಾಡುವವೇ ಹೊರತು ಮಾಹಿತಿಯನ್ನು ಸಾಗಿಸಲಾರವು. ತಂದೆತಾಯಿಗಳ ಮೊಬೈಲಾಗಿದ್ದರೆ ಕೆಲಸವಾದ ಮೇಲೆ ಈ ಪುಟವನ್ನು ಮರೆಯದೆ ಬಂದು ಮಾಡಿರಿ. ಅದು ತೆರೆದಿದ್ದರೆ ಬ್ಯಾಂಕಿನ ಕೆಲವು ಆ್ಯಪುಗಳು ನಡೆಯುವದಿಲ್ಲ.

ಹೊಸ ಯಂತ್ರವನ್ನು ಕೊಳ್ಳುವ ಶಕ್ತಿಯೇ ಇಲ್ಲದವರು ಏನು ಮಾಡಬೇಕು? ಅವರಿಗೆ ಅಮೇರಿಕೆಯ ಎಂಐಟಿ ವಿದ್ಯಾಸಂಸ್ಥೆಯು ನಡೆಸುವ ಆ್ಯಪ್ ಇನ್ವೆಂಟರ್ ಇದೆ. ಇದು ಬ್ರೌಸರಿನಲ್ಲಿಯೇ ನಡೆಯುವದು, ಹಳೆಯ ಯಂತ್ರಕ್ಕೂ ಭಾರವಾಗದು. ಬಣ್ಣದ ತುಂಡುಗಳನ್ನು ಒಂದಕ್ಕೊಂದು ಹೊಂದಿಸಿ ಆ್ಯಪ್ ಕಟ್ಟುವ ಈ ಬಗೆಯು ಪ್ರೌಢಶಾಲೆಯ ಮಕ್ಕಳಿಗೆ ಹೇಳಿ ಮಾಡಿಸಿದಂತಿದೆ. ಇದನ್ನು ಕಲಿತವರು ಮುಂದೆ ಕಾಟ್ಲಿನ್ ಎಂಬ ಬರವಣಿಗೆಯ ಭಾಷೆಗೆ ಹೋಗಬಹುದು. 2019ರಿಂದ ಆಂಡ್ರಾಯ್ಡಿಗೆ ಗೂಗಲ್ ಮೊದಲ ಆದ್ಯತೆ ಕೊಟ್ಟಿರುವದು ಇದಕ್ಕೇ. ಐಫೋನಿಗೆ ಆ್ಯಪ್ ರಚಿಸುವದಾದರೆ ಆ್ಯಪಲ್ ಸಂಸ್ಥೆಯ ಮ್ಯಾಕ್ ಕಂಪ್ಯೂಟರೇ ಬೇಕಾಗುವದು. ಅದು ಬೆಲೆಯುಳ್ಳದ್ದು, ಆರಂಭಕ್ಕೆ ಅವಶ್ಯವೂ ಅಲ್ಲ.

ನಾಲ್ಕನೆಯದು ಕನ್ನಡ. ಕನ್ನಡವನ್ನು ಯುನಿಕೋಡ್ ಪದ್ಧತಿಯಲ್ಲಿಯೇ ಬೆರಳಚ್ಚಿಸತಕ್ಕದ್ದು. ಹಳೆಯ ಫಾಂಟುಗಳ ಪದ್ಧತಿಯಲ್ಲಿ ಬೆರಳಚ್ಚಿಸಿದ ಮಾತು, ಆ ಫಾಂಟು ಇಲ್ಲದ ಮೊಬೈಲಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುವದು. ತೆರೆಯ ಮೇಲೆ ಬರುವ ಮಾತುಗಳನ್ನೆಲ್ಲ ಒಂದು ಪ್ರತ್ಯೇಕ ಕಡತದಲ್ಲಿಟ್ಟು ಕನ್ನಡಕ್ಕೆಂದು ಅದರ ಇನ್ನೊಂದು ಪ್ರತಿಯನ್ನು ಮಾಡುವ ಏರ್ಪಾಡು ಆಂಡ್ರಾಯ್ಡಿನಲ್ಲಿದೆ. ಕನ್ನಡವನ್ನು ಆರಿಸಿಕೊಂಡವರ ಮೊಬೈಲಿನಲ್ಲಿ ಆ್ಯಪು ತಾನಾಗಿಯೇ ಕನ್ನಡದಲ್ಲಿ ತೋರುವದು.

ಕೊನೆಯದಾಗಿ, ಮಾಡಿದ ಕೆಲಸದ ಪ್ರತಿಯನ್ನು ದಿನವೂ ಬೇರೊಂದು ಕಡೆ ಇಡಲು ಕಲಿಸಿರಿ. ಪ್ಲೇ ಸ್ಟೋರಿನಲ್ಲಿ ಪ್ರಕಟಿಸಲು 25 ಡಾಲರುಗಳ ಶುಲ್ಕವನ್ನು ಒಂದು ಸಲ ಕೊಡಬೇಕು, ಹದಿನೆಂಟು ವರ್ಷವೂ ತುಂಬಿರಬೇಕು. ಕಲಿಯುವವರಿಗೆ ಅದರ ಅವಸರವಿಲ್ಲ. ಮನೆಯ ಮೊಬೈಲಿನಲ್ಲಿ ನಡೆದರೆ ಸಾಕು.

ಇಷ್ಟೆಲ್ಲ ಅಣಿಯಾದ ಮೇಲೆಯೂ ಒಂದು ಸಾಮಗ್ರಿ ಉಳಿಯುವದು. ಅದು ಅಂಗಡಿಯಲ್ಲಿ ಸಿಕ್ಕುವದಿಲ್ಲ. ಅದು ವೇಳೆ. ಮಗಳಿಗೆಂದು ತಂದ ಲ್ಯಾಪ್‌ಟಾಪು ಸಂಜೆಯಾದೊಡನೆ ಅಣ್ಣತಮ್ಮಂದಿರ ಸಿನೆಮಾಕ್ಕೆ ಹೋಗುವದನ್ನೂ, ಮಗಳು ಅಡಿಗೆಮನೆಗೆ ಹೋಗುವದನ್ನೂ ನಾನು ಕಂಡಿರುವೆನು. ಪಾಲಕರೇ, ದಿನಕ್ಕೆ ಎರಡು ತಾಸು ಯಾರೂ ಕರೆಯದಂತೆ ಅವಳನ್ನು ಆ ಮೇಜಿನ ಮುಂದೆ ಕೂಡಲು ಬಿಡಿರಿ. 16 ಜಿಬಿ ರ‍್ಯಾಮ್ ಕೊಡಲಾರದ್ದನ್ನು ಆ ಎರಡು ತಾಸು ಕೊಡುವವು.

ತಿಕೋಟಾದ ಹುಡುಗಿಯ ಮಾತಿಗೆ ಬರುವೆನು. ಅವಳ ಲ್ಯಾಪ್‌ಟಾಪಿನಲ್ಲಿ ಸುದೈವದಿಂದ ರ‍್ಯಾಮಿಗೆ ಇನ್ನೊಂದು ತೆರವಿನ ಜಾಗವಿತ್ತು. ಅದರಲ್ಲಿ 8 ಜಿಬಿಯನ್ನು ಸೇರಿಸಿ, ಹಳೆಯ ಹಾರ್ಡ್ ಡಿಸ್ಕಿನ ಬದಲಿಗೆ ಎಸ್‌ಎಸ್‌ಡಿಯನ್ನು ಹಾಕಿಸಿದರು. ಎಮ್ಯುಲೇಟರಿನ ಗೊಡವೆಗೆ ಹೋಗದೆ ತಂದೆಯ ಮೊಬೈಲಿನಲ್ಲಿಯೇ ಪರೀಕ್ಷಿಸುತ್ತ, ದ್ರಾಕ್ಷಿ ಒಣಗಿಸುವ ಶೆಡ್ಡಿನ ತೂಕವನ್ನೂ ಕೂಲಿಯನ್ನೂ ಬರೆದಿಡುವ ಸಣ್ಣ ಆ್ಯಪೊಂದನ್ನು ಅವಳು ಕನ್ನಡದಲ್ಲಿ ಮಾಡಿದಳು. ಅದರಲ್ಲಿ ತಪ್ಪುಗಳಿದ್ದವು, ತಿದ್ದಿದಳು. ಈಗ ತೆರೆಯು ನಿಂತರೆ ಅವಳು ಅಳುವದಿಲ್ಲ. ಕೇಬಲನ್ನು ನೋಡುವಳು, ರ‍್ಯಾಮನ್ನು ನೋಡುವಳು, ಆಮೇಲೆ ತಾನು ಬರೆದದ್ದನ್ನು ಮತ್ತೊಮ್ಮೆ ಓದುವಳು.