ಮಿಂಚಂಚೆಯ ಲಗತ್ತು

ಮನೆಯ ಕ್ರಯಪತ್ರ, ಮಕ್ಕಳ ಅಂಕಪಟ್ಟಿ ಮೊದಲಾದವುಗಳ ಪ್ರತಿಯನ್ನು ಇ-ಮೇಲಿಗೆ ಲಗತ್ತಿಸಿ ಕಳುಹಿಸುವ ಸಂದರ್ಭವು ಈಗ ಗೃಹಸ್ಥರೆಲ್ಲರಿಗೂ ಒದಗುತ್ತದೆ. ಮೊದಲು ಈ ಅಂಚೆಯು ಇಂಗ್ಲಿಷ್ ಬರಹವನ್ನು ಮಾತ್ರ ಒಯ್ಯಲು ಏರ್ಪಟ್ಟುದಾಗಿದ್ದಿತು. 1992ರಲ್ಲಿ ನಥಾನಿಯಲ್ ಬೋರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ಎಂಬವರು ‘ಮೈಮ್’ ಎಂಬ ಕ್ರಮವನ್ನು ಪ್ರಕಟಿಸಿದ ಮೇಲೆ ಚಿತ್ರವೂ ಧ್ವನಿಯೂ ಅದರೊಡನೆ ಸುಗಮವಾಗಿ ಸಾಗುವಂತಾಯಿತು.

ಇದರ ಮರ್ಮವಿಷ್ಟೆ: ಕಡತದ 3 ಬೈಟುಗಳನ್ನು 4 ಅಕ್ಷರಗಳಾಗಿ ಮಾರ್ಪಡಿಸಿ ಓಲೆಯೊಳಗೇ ಸೇರಿಸುವರು, ಪಡೆದವರ ಯಂತ್ರವು ಅವನ್ನು ಮೊದಲಿನ ರೂಪಕ್ಕೆ ತರುವುದು. ಆದುದರಿಂದಲೇ ಲಗತ್ತಿನ ಭಾರವು ಮೂರನೆಯ ಒಂದು ಪಾಲು ಹೆಚ್ಚಿ, ದೊಡ್ಡ ಕಡತವು ಹಿಂದಿರುಗುವುದೂ ಉಂಟು.

ಆದರೆ ವಾಚಕರು ಒಂದನ್ನು ಮರೆಯಬಾರದು. ಅಂಚೆಪೆಟ್ಟಿಗೆಗೆ ಹಾಕಿದ ಲಕೋಟೆಯಂತೆ ಇದೂ ಮುಟ್ಟಿದ ಮೇಲೆ ಮರಳದು. ವಿಳಾಸದಲ್ಲಿ ಒಂದಕ್ಷರ ತಪ್ಪಿದರೆ ಮನೆಯ ಪತ್ರವು ಅನ್ಯರ ಕೈಸೇರೀತು. ವಿಳಾಸವನ್ನೂ ಲಗತ್ತನ್ನೂ ಎರಡು ಬಾರಿ ನೋಡಿಯೇ ಕಳುಹಿಸತಕ್ಕದ್ದು; ಅಪರಿಚಿತರಿಂದ ಬಂದ ಲಗತ್ತನ್ನು ತೆರೆಯಕೂಡದು.